ಮೂರನೆಯ ತಟ್ಟು

ಊರಿನ ಬಸ್ಸುಗಳ ನಡುವೆ ನಿಧಾನಣ್ಣನ ಬಸ್ಸನ್ನು ಗುರುತಿಸಲು ಬೋರ್ಡು ನೋಡುವ ಅಗತ್ಯವಿರಲಿಲ್ಲ. ಮಿಕ್ಕ ಬಸ್ಸುಗಳು ಜನರನ್ನು ಬಿಟ್ಟು ಹೋಗುತ್ತಿದ್ದವು. ಇವನ ಬಸ್ಸನ್ನು ಜನರೇ ಬಿಟ್ಟು ಹೋಗುತ್ತಿದ್ದರು. "ಅರ್ಜೆಂಟಿದೆ, ನಡ್ಕೊಂಡು ಹೋಗ್ತೀನಿ" ಎಂದು ಅರ್ಧ ದಾರಿಯಲ್ಲಿ ಇಳಿದವರುಂಟು. ರಸ್ತೆಯಲ್ಲಿ ನಾಯಿ ಮಲಗಿದ್ದರೆ ಹಾರ್ನ್ ಹೊಡೆದು ಅದರ ನಿದ್ದೆ ಕೆಡಿಸುವುದು ಅವನ ಜಾಯಮಾನವಲ್ಲ. ಅದು ತಾನಾಗಿಯೇ ಎದ್ದು, ಮೈ ಮುರಿದು, ಎಡಕ್ಕೆ ಹೋಗಲೋ ಬಲಕ್ಕೆ ಹೋಗಲೋ ಎಂದು ತೀರ್ಮಾನಿಸುವವರೆಗೆ ಕಾಯುತ್ತಿದ್ದ. "ಮದುವೆಗೆ ಹೂಂ ಅನ್ನೋಕೇ ಇವರು ಒಂದು ವರ್ಷ ತಗೊಂಡ್ರು. ಅಷ್ಟು ಹೊತ್ತು ನಾನೂ ಕಾದೆ ನೋಡಿ, ನನಗೆ ಹೇಳ್ಬೇಕು ಬುದ್ಧಿ" ಎಂದು ಅವನ ಹೆಂಡತಿ ಅಕ್ಕಪಕ್ಕದವರ ಮುಂದೆ ಹೇಳಿಕೊಳ್ಳುತ್ತಿದ್ದಳು. ಅವನು ಅದಕ್ಕೆ ಉತ್ತರ ಯೋಚಿಸುತ್ತಾ ಇದ್ದ. ಇನ್ನೂ ಹೊಳೆದಿರಲಿಲ್ಲ.

ಇಂಥವನಿಗೆ ಕಂಡಕ್ಟರಾಗಿ ಗಂಟುಬಿದ್ದವನು ಊರಿಗೇ ಅವಸರದ ಮನುಷ್ಯ. ಅವನಿಗೂ ಒಂದು ಅಡ್ಡಹೆಸರಿತ್ತು: ಮುಂದ್ಮುಂದೆ. ಬಸ್ಸು ತುಂಬಿರಲಿ, ಖಾಲಿ ಇರಲಿ, ಅವನ ಬಾಯಲ್ಲಿ "ಮುಂದೆ ಮುಂದೆ, ಮುಂದೆ ನಡೀರಿ" ಎಂಬುದು ತಪ್ಪುತ್ತಿರಲಿಲ್ಲ. ಒಬ್ಬಳೇ ಮುದುಕಿ ಕೂತಿದ್ದ ಬಸ್ಸಿನಲ್ಲೂ ಹಾಗೆ ಕೂಗಿ, ಆ ಮುದುಕಿ ಎದ್ದು ಬಂದು ಡ್ರೈವರ್ ಪಕ್ಕ ನಿಂತ ಕಥೆಯನ್ನು ನಿಧಾನಣ್ಣ ಬಲು ಇಷ್ಟಪಟ್ಟು ಹೇಳುತ್ತಿದ್ದ. ಹೇಳಿ ಮುಗಿಸುವಷ್ಟರಲ್ಲಿ ಕೇಳುವವರ ಸ್ಟಾಪು ದಾಟಿರುತ್ತಿತ್ತು.

ಇಬ್ಬರೂ ದಿನವಿಡೀ ಜಗಳವಾಡುತ್ತಿದ್ದರು. ಜಗಳವಿಲ್ಲದ ದಿನ ಇಬ್ಬರಲ್ಲಿ ಯಾರಿಗೋ ಜ್ವರ ಎಂದು ನಾವು ಪ್ರಯಾಣಿಕರು ತಿಳಿದುಕೊಳ್ಳುತ್ತಿದ್ದೆವು. ಪೇಟೆಯ ಆಚೆ ಬಡಾವಣೆಯಿಂದ ಹೊರಟು, ಪೇಟೆ ಮೂಲೆಯ ಗಡಿಯಾರ ಕಂಬ ಬಳಸಿ, ಯೂನಿವರ್ಸಿಟಿ ಗೇಟಿನ ಮುಂದೆ ನಿಲ್ಲುವುದು ಅವರ ದಾರಿ. ಆ ದಾರಿಯಲ್ಲೇ ಇಬ್ಬರಿಗೂ ತಲೆ ನರೆತಿತ್ತು.

ಬಸ್ಸು ಹೊರಡಬೇಕಾದರೆ ಕಂಡಕ್ಟರ್ ಹಿಂಬಾಗಿಲ ಪಕ್ಕದ ತಗಡನ್ನು ಎರಡು ಸಲ ತಟ್ಟುತ್ತಾನೆ, ಡ್ರೈವರ್ ಹೊರಡುತ್ತಾನೆ. ಇದು ಎಲ್ಲ ಬಸ್ಸಿನ ರೂಢಿ. ಈ ಬಸ್ಸಿನಲ್ಲಿ ಮಾತ್ರ ಮೂರನೆಯದೊಂದಿತ್ತು. ಅದಕ್ಕೆ ಕಾರಣ, ಬಹಳ ಹಿಂದೆ ಯಾವನೋ ತರಲೆ ವಿದ್ಯಾರ್ಥಿ. ಮುಂದ್ಮುಂದೆ ಗಡಿಯಾರ ಕಂಬದ ಹತ್ತಿರ ಟೀ ಕುಡಿಯಲು ಇಳಿದಿದ್ದಾಗ ಆ ಹುಡುಗ ತಗಡಿಗೆ ಎರಡು ಬಿಟ್ಟ. ನಿಧಾನಣ್ಣ ವಿಧೇಯನಾಗಿ ಹೊರಟ. ಬಸ್ಸಿನಲ್ಲಿ ಏನೋ ಶಾಂತಿ ನೆಲೆಸಿದೆಯಲ್ಲ ಎಂದು ಅವನಿಗೆ ಅನ್ನಿಸಿದ್ದು ಮುಂದಿನ ಸ್ಟಾಪಿನಲ್ಲಿ. ಅಷ್ಟರಲ್ಲಿ ಮುಂದ್ಮುಂದೆ ಟೀ ಗ್ಲಾಸು ಹಿಡಿದೇ ಓಡಿ ಬಂದಿದ್ದ. ನಿಧಾನಣ್ಣನ ಬಸ್ಸನ್ನು ಓಡಿ ಹಿಡಿಯುವುದು ಅಂಥ ಸಾಹಸವೇನಲ್ಲ.

"ಊರಲ್ಲಿ ಕೈ ಇರೋರೆಲ್ಲ ತಟ್ಟಬಹುದು ಕಣೋ. ನಿನಗೆ ಬುದ್ಧಿ ಇರೋದು ಕಾಲಲ್ಲೋ ತಲೇಲೋ?" ಏದುಸಿರು ಬಿಡುತ್ತಾ ಅವನು ಬೈದಿದ್ದ. "ಕೇಳಿಲ್ಲಿ. ಇನ್ಮೇಲೆ ಎರಡು ತಟ್ಟಿ, ಒಂಚೂರು ತಡೆದು, ಇನ್ನೊಂದು ತಟ್ತೀನಿ. ಆ ಮೂರನೇದು ನನ್ನದು. ಅದು ಬೀಳೋ ತನಕ ಪ್ರಳಯ ಆದ್ರೂ ಅಲ್ಲಾಡ್ಬೇಡ."

"ಪ್ರಳಯ ಆದ್ರೆ ನೀನು ತಟ್ಟೋಕೆ ಇರ್ತೀಯಾ?"

"ನಾನಿಲ್ದಿದ್ರೆ ನೀನೆಲ್ಲಿಗೆ ಹೋಗ್ತೀಯ ಬಿಡು."

ಅಂದಿನಿಂದ ಟಕ್ ಟಕ್. ಆಮೇಲೆ, ಮುಂದ್ಮುಂದೆಯ ಮನಸ್ಸಿನ ಹವಾಮಾನ ನೋಡಿಕೊಂಡು, ಇನ್ನೊಂದು ಟಕ್. ಮೂರನೆಯದಕ್ಕೆ ಬೇಕೆಂದೇ ತಡಮಾಡಿ ಸೇಡು ತೀರಿಸಿಕೊಳ್ಳುವುದೂ ಇತ್ತು. ಅದನ್ನು ಅವರಿಬ್ಬರೂ ಯಾರಿಗೂ ಹೇಳಿರಲಿಲ್ಲ. ಪ್ರಯಾಣಿಕರಾದ ನಾವಂತೂ ಗಮನಿಸಿರಲಿಲ್ಲ. ನಮಗೆ ಗೊತ್ತಿದ್ದದ್ದು ಈ ಬಸ್ಸು ತಡ ಎನ್ನುವುದಷ್ಟೇ.

*

ಆ ಮಧ್ಯಾಹ್ನ ಗಡಿಯಾರ ಕಂಬದ ಹತ್ತಿರ ಒಬ್ಬ ಬಂದೂಕು ಹಿಡಿದು ಬಂದ. ಯಾಕೆ ಬಂದ ಎನ್ನುವುದಕ್ಕೆ ಆಮೇಲೆ ಪತ್ರಿಕೆಗಳಲ್ಲಿ ಹತ್ತು ಕಾರಣ ಬಂದವು. ಅವುಗಳಲ್ಲಿ ಒಂದೂ ಕಾರಣದ ಹಾಗಿರಲಿಲ್ಲ. ಹಣ್ಣು ಕೊಳ್ಳಲು ಬಂದವರು, ಚಪ್ಪಲಿ ಹೊಲಿಸಿಕೊಳ್ಳಲು ಕೂತವರು, ಸುಮ್ಮನೆ ನಿಂತವರು ಅಲ್ಲಲ್ಲೇ ಬಿದ್ದರು.

ಮೊದಲ ಸದ್ದಿಗೆ ನಿಧಾನಣ್ಣ, ಯಾವುದೋ ಲಾರಿಯ ಟೈರು ಹೋಯಿತು ಪಾಪ ಎಂದುಕೊಂಡ. ಅವನಿಗೆ ವಿಷಯ ತಲೆಗೆ ಹೋಗುವ ಹೊತ್ತಿಗೆ ಜನ ಬಸ್ಸಿಗೆ ನುಗ್ಗುತ್ತಿದ್ದರು. ಮುಂದ್ಮುಂದೆ ಕೆಳಗಿಳಿದು, ಹಿಂಬಾಗಿಲಲ್ಲಿ ನಿಂತು, ಸಿಕ್ಕಿದವರ ರಟ್ಟೆ ಹಿಡಿದು ಒಳಗೆ ನೂಕುತ್ತಿದ್ದ. "ಮುಂದೆ ಮುಂದೆ! ಮುಂದೆ ನಡೀರಿ!" ಅಷ್ಟು ವರ್ಷದ ಸೇವೆಯಲ್ಲಿ ಜನ ಅವನ ಮಾತು ಕೇಳಿ ನಿಜವಾಗಿ ಮುಂದೆ ಹೋದದ್ದು ಅಂದೇ ಇರಬೇಕು. ಕನ್ನಡಿಯಲ್ಲಿ ಬರೀ ತಲೆಗಳು, ತೆರೆದ ಬಾಯಿಗಳು. ಆಮೇಲೆ ಕೇಳಿಸಿತು: ಧಡ್, ಧಡ್.

ನಿಧಾನಣ್ಣನ ಕಾಲು ಅವನನ್ನು ಕೇಳಲಿಲ್ಲ. ಬಸ್ಸು ಹಾರಿತು. ಜನ್ಮದಲ್ಲಿ ಒಂದೇ ಒಂದು ಸಲ ಆ ಮನುಷ್ಯ ಅವಸರ ಮಾಡಿದ.

ಯೂನಿವರ್ಸಿಟಿ ಗೇಟಿನ ಬಳಿ 'ಹೊರಗಿನ ವಾಹನಗಳಿಗೆ ಪ್ರವೇಶವಿಲ್ಲ' ಎಂಬ ಬೋರ್ಡಿನ ಪಕ್ಕದಲ್ಲಿ ಅಡ್ಡಗಂಬವಿತ್ತು. ಬಸ್ಸು ಅದನ್ನು ಮುರಿದುಕೊಂಡೇ ಒಳಗೆ ಹೋಗಿ ಗ್ರಂಥಾಲಯದ ಮೆಟ್ಟಿಲ ಮುಂದೆ ನಿಂತಿತು. ಹುಡುಗರು ಹುಡುಗಿಯರು ಓಡಿ ಬಂದರು. ಕೆಲವರನ್ನು ಎತ್ತಿ ಇಳಿಸಿದರು, ಕೆಲವರನ್ನು ತಬ್ಬಿ ಇಳಿಸಿದರು. ನಿಧಾನಣ್ಣ ಬಸ್ಸು ಸುತ್ತಿಕೊಂಡು ಹಿಂಬಾಗಿಲಿಗೆ ಹೋದ, ಬೈಸಿಕೊಳ್ಳಲು ಸಿದ್ಧನಾಗಿ. "ಏನೋ, ಅಂತೂ ಇವತ್ತು ಓಡಿಸ್ದೆ" ಎನ್ನುತ್ತಾನೆ ಮುಂದ್ಮುಂದೆ ಎಂದುಕೊಂಡಿದ್ದ. ಬಾಗಿಲು ಹಿಂದಕ್ಕೂ ಮುಂದಕ್ಕೂ ತೂಗುತ್ತಿತ್ತು. ಮೆಟ್ಟಿಲ ಮೇಲೆ ಯಾರೂ ಇರಲಿಲ್ಲ.

*

ವಿಶ್ವವಿದ್ಯಾಲಯವನ್ನು ನಾವು ಊರಿನವರು ಅಲ್ಲಿಯವರೆಗೆ ಅಷ್ಟಾಗಿ ಹಚ್ಚಿಕೊಂಡವರಲ್ಲ. ಅದೊಂದು ದೊಡ್ಡ ಕಾಂಪೌಂಡು, ಒಳಗೆ ಮರಗಳಿಗೂ ಬೋರ್ಡು ಹಾಕಿದ್ದಾರೆ ಎಂಬುದಷ್ಟೇ ನಮಗೆ ಗೊತ್ತಿದ್ದದ್ದು. ಅಲ್ಲಿಯ ಮೇಷ್ಟ್ರುಗಳು ಒಂದು ಕುರ್ಚಿ ಕೊಳ್ಳಲು ಮೂರು ಸಮಿತಿ ಮಾಡುತ್ತಾರೆ ಎಂದು ಆಡಿಕೊಳ್ಳುತ್ತಿದ್ದೆವು. ಆ ದಿನ ಯಾವ ಸಮಿತಿಯೂ ಸೇರಲಿಲ್ಲ. ಪರೀಕ್ಷೆಯ ಹಾಲಿನಲ್ಲಿ ಹಾಸಿಗೆ ಬಿದ್ದವು. ಹಾಸ್ಟೆಲಿನ ಅಡುಗೆಮನೆ ಊರಿಗೆಲ್ಲ ಬೇಯಿಸಿತು. ಆ ಅಡುಗೆಯನ್ನು ವರ್ಷಗಟ್ಟಲೆ ಬೈದ ವಿದ್ಯಾರ್ಥಿಗಳೇ ಬಡಿಸಿದರು. ಗಾಯಗೊಂಡವರ ಮನೆಯವರಿಗೆ ಅತಿಥಿಗೃಹದ ಬೀಗ ತೆಗೆದರು. ರಕ್ತ ಕೊಡಲು ನಿಂತ ಮಕ್ಕಳ ಸಾಲು ಮುರಿದ ಅಡ್ಡಗಂಬದ ತನಕ ಬಂದಿತ್ತು. ಆ ಕಂಬವನ್ನು ಸರಿಮಾಡಿಸುವುದು ಬೇಡ, ಹಾಗೇ ಇರಲಿ ಎಂದು ಕುಲಪತಿಗಳು ಹೇಳಿದರಂತೆ. ಅವರು ಆಡಿದ ಮಾತುಗಳಲ್ಲೇ ಅತಿ ಚಿಕ್ಕದು ಅದು, ಎಲ್ಲರ ನೆನಪಿನಲ್ಲೂ ಉಳಿಯಿತು.

ಗ್ರಂಥಾಲಯದ ಮೂಲೆಯಲ್ಲಿ 'ಕೇಳುವ ಕೋಣೆ' ಎಂದು ಒಂದು ತೆರೆದರು. ಯಾರು ಬೇಕಾದರೂ ಹೋಗಿ ಏನು ಬೇಕಾದರೂ ಹೇಳಬಹುದು. ಮನಶ್ಶಾಸ್ತ್ರದ ಮೇಡಂ ಕೂತು ಕೇಳುತ್ತಾರೆ. ಮೊದಮೊದಲು ಅಲ್ಲಿಗೆ ಹೋದವರು ನೀರು ಕುಡಿಯಲು ಬಂದೆವೆಂದೇ ಹೇಳಿದರು. ನೀರು ಕುಡಿದು, ಕೂತು, ಅತ್ತರು. ನಿಧಾನಣ್ಣನನ್ನೂ ಹೆಂಡತಿ ದಬ್ಬಿಕೊಂಡು ಹೋಗಿ ಕೂರಿಸಿದಳು. ಅವನು ಬಸ್ಸಿನ ಕ್ಲಚ್ಚಿನ ವಿಷಯ ಹೇಳಿದ, ನಾಯಿಗಳ ವಿಷಯ ಹೇಳಿದ, ಮುದುಕಿ ಎದ್ದು ಬಂದು ನಿಂತ ಕಥೆ ಹೇಳಿದ. ಕೊನೆಗೆ, "ದಿನಾ ಇಷ್ಟು ಕೇಳಿದ್ರೆ ನಿಮಗೆ ಕಷ್ಟ ಆಗಲ್ವಾ ಮೇಡಂ?" ಎಂದು ಅವರ ಕ್ಷೇಮವನ್ನೇ ವಿಚಾರಿಸಿದ. ಆಕೆ ಕನ್ನಡಕ ತೆಗೆದು ಒರೆಸಿಕೊಂಡರು.

ಒಂದು ವಿಷಯ ಮಾತ್ರ ಅವನು ಹೇಳಲಿಲ್ಲ. ಮೂರನೆಯ ತಟ್ಟು ಬಿದ್ದಿರಲಿಲ್ಲ.

ಅವನು ಕೇಳಿಸಿಕೊಂಡದ್ದು ಎರಡು. ಆ ಎರಡೂ ಮುಂದ್ಮುಂದೆಯ ಕೈಯೋ, ಬಂದೂಕಿನ ಗುಂಡೋ, ನುಗ್ಗುವವರ ಮೊಣಕೈಯೋ ದೇವರಿಗೇ ಗೊತ್ತು. ಪೊಲೀಸರ ಮುಂದೆ "ಕಂಡಕ್ಟರ್ ರೈಟ್ ಕೊಟ್ಟ, ಹೊರಟೆ" ಎಂದಿದ್ದ. 'ಸಮಯಪ್ರಜ್ಞೆ ಮೆರೆದ ಚಾಲಕ' ಎಂದು ಪತ್ರಿಕೆಗಳು ಬರೆದವು. ಸಮಯಪ್ರಜ್ಞೆ ಎಂಬ ಪದ ಅವನ ಹೆಸರಿನ ಪಕ್ಕ ಬಂದದ್ದು ನೋಡಿ ಬಸ್ ಡಿಪೋದಲ್ಲಿ ಬೇರೆ ದಿನವಾಗಿದ್ದರೆ ಒಂದು ವಾರ ನಗುತ್ತಿದ್ದರು. ಯಾರೂ ನಗಲಿಲ್ಲ. ಶ್ರದ್ಧಾಂಜಲಿ ಸಭೆಯಲ್ಲಿ ಕುಲಪತಿಗಳು ಅವನನ್ನು ವೇದಿಕೆಗೆ ಕರೆದರು. ಇಡೀ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಚಪ್ಪಾಳೆ ನಿಂತಿತು. ವೇದಿಕೆ ಖಾಲಿಯೇ ಇತ್ತು.

"ಊರೆಲ್ಲ ನಿಮ್ಮನ್ನ ಹುಡುಕ್ತಿದ್ರೆ ಬಾತ್‌ರೂಮಲ್ಲಿ ಚಿಲಕ ಹಾಕ್ಕೊಂಡು ಕೂತಿದ್ರಾ?" ಹೆಂಡತಿ ಗದರಿಕೊಂಡಳು.

"ಹೊಟ್ಟೆ ಸರಿ ಇರ್ಲಿಲ್ಲ ಕಣೇ."

"ಹೊಟ್ಟೆ ಸರಿ ಇಲ್ಲದವರು ಅಳ್ತಾರಾ?"

ಅವನು ಸಭೆಗೆ ಹೆದರಿದ್ದಲ್ಲ. ಮೊದಲ ಸಾಲಿನಲ್ಲಿ ಅತ್ತಿಗೆ ಕೂತಿದ್ದಳು. ಮುಂದ್ಮುಂದೆ ಅವನಿಗಿಂತ ಒಂದೆರಡು ವರ್ಷ ದೊಡ್ಡವನಾದ್ದರಿಂದ ಅವನ ಹೆಂಡತಿ ನಿಧಾನಣ್ಣನಿಗೆ ಅತ್ತಿಗೆ. ದೇಹ ಮನೆಗೆ ಬಂದ ದಿನ ಅವಳು ಕೇಳಿದ್ದು ಒಂದೇ ಮಾತು: "ಕೊನೇಲಿ ಏನಾದ್ರೂ ಹೇಳಿದ್ರಾ?" ಅವನು ನೆಲ ನೋಡಿಕೊಂಡು, "ಆ ಗಲಾಟೇಲಿ ಏನೂ ಕೇಳಿಸ್ಲಿಲ್ಲ ಅತ್ತಿಗೆ" ಎಂದಿದ್ದ. ಅವಳು ತಲೆಯಾಡಿಸಿದಳು. ಆಮೇಲೆ ಅವನು ಆ ಬೀದಿಗೇ ಕಾಲಿಡಲಿಲ್ಲ. ಮೂರನೆಯದು ಬೀಳದೆ ಹೊರಟವನು ಎಂಬ ಮುಖ ಹೊತ್ತು ಆ ಬಾಗಿಲಿಗೆ ಹೇಗೆ ಹೋಗುವುದು? ಸ್ನೇಹಿತ ಇಳಿದ ಜಾಗದಲ್ಲೇ ಅವನನ್ನು ಬಿಟ್ಟು ಬಂದಿದ್ದ. ಅದೂ ಎರಡನೆಯ ಸಲ. ಮೊದಲ ಸಲ ಅವನು ಟೀ ಗ್ಲಾಸು ಹಿಡಿದು ಓಡಿ ಬಂದಿದ್ದ.

*

ಆ ದಾರಿಯ ಬಸ್ಸನ್ನು ಕಂಪನಿಯವರು ನಿಲ್ಲಿಸಿದರು. ಆಚೆ ಬಡಾವಣೆಯ ಜನಕ್ಕೆ ಕೆಲಸಕ್ಕೆ ಬರುವುದಕ್ಕೂ, ಆಸ್ಪತ್ರೆಗೂ, ಕೇಳುವ ಕೋಣೆಗೂ ದಾರಿ ಗಡಿಯಾರ ಕಂಬದ ಮೇಲೆಯೇ. ನಡೆದು ಬರಲು ಅವರಿಗೆ ಕಾಲು ಏಳುತ್ತಿರಲಿಲ್ಲ. ಆಗ ಯೂನಿವರ್ಸಿಟಿ ತನ್ನದೇ ಬಸ್ಸು ಬಿಡುತ್ತೇನೆಂದಿತು. ಬಸ್ಸೇನೋ ಇತ್ತು: ಭೂವಿಜ್ಞಾನ ವಿಭಾಗದವರು ಬೆಟ್ಟಗುಡ್ಡ ತಿರುಗಿ ಕಲ್ಲು ತರಲು ಇಟ್ಟುಕೊಂಡ ಹಳೆಯ ಗಾಡಿ. ಡ್ರೈವರೂ ಇದ್ದ; ಆದರೆ ಅವನು, "ಎಲ್ಲಿಗೆ ಬೇಕಾದ್ರೂ ಬರ್ತೀನಿ ಸಾರ್, ಆ ಕಂಬದ ಹತ್ರ ಬರಲ್ಲ" ಎಂದುಬಿಟ್ಟ. ನಿಧಾನಣ್ಣನನ್ನು ಕೇಳಿದರು. ಆಗಲ್ಲ ಎನ್ನಬೇಕೆಂದು ಅವನು ಯೋಚಿಸುತ್ತಿರುವಾಗಲೇ ಬೀಗದ ಕೈ ಕೈಗೆ ಬಂದಿತ್ತು.

ಕಂಡಕ್ಟರ್ ಕೆಲಸಕ್ಕೆ ತಾನಾಗಿ ಬಂದವರು ಆ ವಿಭಾಗದ ಮುಖ್ಯಸ್ಥರು. ಅವರನ್ನು ವಿದ್ಯಾರ್ಥಿಗಳು ಕಲ್ಲುಮೇಷ್ಟ್ರು ಎನ್ನುತ್ತಿದ್ದರು. ಮೃದು ಮನುಷ್ಯ, ಹೆಸರೊಂದೇ ಗಟ್ಟಿ. ಟಿಕೆಟ್ಟಿಲ್ಲದ ಬಸ್ಸಿಗೆ ಕಂಡಕ್ಟರ್ ಯಾಕೆ ಎಂದು ಯಾರೋ ಕೇಳಿದ್ದಕ್ಕೆ, "ಹತ್ತುವಾಗ ಕೈ ಹಿಡಿಯೋಕೆ ಒಬ್ಬರು ಬೇಡವೇ?" ಎಂದರಂತೆ. ಮೊದಲ ದಿನ ಅವರು "ದಯವಿಟ್ಟು ಈಗ ಹೊರಡಬಹುದು" ಎಂದು ಹಿಂದಿನಿಂದ ಕೂಗಿದರು.

"ಹಾಗಲ್ಲ ಸಾರ್. ಎರಡು ತಟ್ಟಬೇಕು," ಎಂದ ನಿಧಾನಣ್ಣ.

ಮೇಷ್ಟ್ರು ಚೀಲದಿಂದ ಕಲ್ಲು ಒಡೆಯುವ ಪುಟ್ಟ ಸುತ್ತಿಗೆ ತೆಗೆದು ಎರಡು ಬಿಟ್ಟರು. ತಗಡಿನಲ್ಲಿ ಎರಡು ಗುಳಿ ಬಿದ್ದವು. ಮುಂದಿನ ಸೀಟಿನ ಹೆಂಗಸೊಬ್ಬಳು ಸದ್ದಿಗೆ ಬೆಚ್ಚಿ ಕಿವಿ ಮುಚ್ಚಿಕೊಂಡಳು. ಮೇಷ್ಟ್ರ ಮುಖ ಬಿಳಿಚಿಕೊಂಡಿತು. ಸುತ್ತಿಗೆ ಚೀಲಕ್ಕೆ ಹೋಯಿತು. ಆಮೇಲೆ ಅವರು ತಟ್ಟಿದ್ದೆಲ್ಲ ಬೆರಳ ತುದಿಯಲ್ಲಿ, ಮಲಗಿದ ಮಗುವನ್ನು ಎಬ್ಬಿಸುವ ಹಾಗೆ.

ಎಲ್ಲ ಸ್ಟಾಪಿನಲ್ಲೂ ನಿಧಾನಣ್ಣ ಎರಡಕ್ಕೇ ಹೊರಡುತ್ತಿದ್ದ. ಗಡಿಯಾರ ಕಂಬದಲ್ಲಿ ಮಾತ್ರ ಆಗುತ್ತಿರಲಿಲ್ಲ. ಮೇಷ್ಟ್ರು ತಟ್ಟುತ್ತಿದ್ದರು. ಗೇರಿನ ಮೇಲೆ ಕೈ ಇರುತ್ತಿತ್ತು, ಕ್ಲಚ್ಚಿನ ಮೇಲೆ ಕಾಲಿರುತ್ತಿತ್ತು. ಎರಡೂ ಕಾಯುತ್ತಿದ್ದವು. ಬಾರದ ಒಂದು ಸದ್ದಿಗಾಗಿ ಅವನ ಬೆನ್ನೆಲ್ಲ ಕಿವಿಯಾಗುತ್ತಿತ್ತು. ಹಿಂದಿನ ವಾಹನದವನು ಹಾರ್ನ್ ಬಾರಿಸಿ ಬೈದ ಮೇಲಷ್ಟೇ ಬಸ್ಸು ಕದಲುತ್ತಿತ್ತು.

ಒಳಗೆ ಕೂತವರು ಅದನ್ನು ಬೇರೆಯೇ ತಿಳಿದರು. ಸತ್ತವರಿಗಾಗಿ ಡ್ರೈವರ್ ಒಂದು ಗಳಿಗೆ ಮೌನ ಆಚರಿಸುತ್ತಾನೆ ಎಂದುಕೊಂಡರು. ಮೊದಲು ಮೇಷ್ಟ್ರು ತಲೆ ತಗ್ಗಿಸಿದರು, ಆಮೇಲೆ ಎಲ್ಲರೂ. ಹೊಸಬರಿಗೆ ಹಳಬರು "ಶ್, ಇಲ್ಲಿ ಮಾತಾಡ್ಬಾರ್ದು" ಎಂದು ಕಲಿಸಿದರು. ಕೆಲವು ದಿನಕ್ಕೆ ಹಿಂದಿನ ವಾಹನಗಳವರೂ ಹಾರ್ನ್ ಹೊಡೆಯುವುದು ನಿಲ್ಲಿಸಿ ಗೌರವದಿಂದ ಕಾಯತೊಡಗಿದರು. ಇದರಿಂದ ನಿಧಾನಣ್ಣನಿಗೆ ಹೊರಡುವ ದಾರಿಯೇ ಇಲ್ಲದಾಯಿತು. ಯೂನಿವರ್ಸಿಟಿ ಪತ್ರಿಕೆಯಲ್ಲಿ 'ಮೌನದ ನಿಲ್ದಾಣ' ಎಂದು ಒಂದು ಲೇಖನವೇ ಬಂತು. ಹೆಂಡತಿ ಅದನ್ನು ಗಟ್ಟಿಯಾಗಿ ಓದಿ ಹೇಳಿದಳು. ಅವನು ಊಟದ ತಟ್ಟೆ ಬಿಟ್ಟು ಎದ್ದುಹೋದ.

"ಹೊಗಳಿದ್ರೆ ಇವರಿಗೆ ಅಜೀರ್ಣ," ಎಂದಳು ಅವಳು ಗೋಡೆಗೆ. ಆದರೆ ಆ ದಿನದಿಂದ ಅವಳು ಬೈಯುವುದನ್ನು ಕಡಿಮೆ ಮಾಡಿದಳು. ಅದು ಅವನಿಗೆ ಇನ್ನಷ್ಟು ಭಯ ಹುಟ್ಟಿಸಿತು.

*

ಹೊಸ ವರ್ಷದ ತರಗತಿಗಳು ಶುರುವಾದ ವಾರ. ಬಸ್ಸು ಗಡಿಯಾರ ಕಂಬದಲ್ಲಿ ನಿಂತಿತ್ತು. ಜನ ಹತ್ತಿದರು, ಮೇಷ್ಟ್ರು ಕೈ ಹಿಡಿದು ಹತ್ತಿಸಿದರು, ಬೆರಳಲ್ಲಿ ಟಕ್ ಟಕ್ ಎಂದರು, ತಲೆ ತಗ್ಗಿಸಿದರು. ಎಲ್ಲರೂ ತಗ್ಗಿಸಿದರು. ನೊಣ ಹಾರಿದರೂ ಕೇಳಿಸುವ ಮೌನ.

ಟಕ್.

ಒಂಚೂರು ತಡೆದು ಬಿದ್ದ ಒಂದೇ ಒಂದು ತಟ್ಟು. ಹಿಂಬಾಗಿಲ ಪಕ್ಕದ ತಗಡಿನದು.

ನಿಧಾನಣ್ಣನ ಕಾಲು ಕ್ಲಚ್ಚಿನಿಂದ ಜಾರಿ ಎಂಜಿನ್ನು ನಿಂತೇಹೋಯಿತು. ಒಳಗೆ ಗುಜುಗುಜು ಎದ್ದಿತು. "ಯಾರಮ್ಮಾ ಅದು? ಮೌನ ಆಚರಣೆ ಮಾಡ್ತಿರೋದು ಕಾಣಲ್ವಾ?" "ಈಗಿನ ಮಕ್ಕಳಿಗೆ ಒಂದು ನಿಮಿಷ ಸುಮ್ನಿರೋಕೆ ಬರಲ್ಲ."

ಅವನು ಇಳಿದು ಬಸ್ಸು ಸುತ್ತಿಕೊಂಡು ಹಿಂಬಾಗಿಲಿಗೆ ಬಂದ. ಕೊನೆಯ ಸೀಟಿನಲ್ಲಿ ಒಬ್ಬಳು ಹುಡುಗಿ ಕೂತಿದ್ದಳು. ಮಡಿಲಲ್ಲಿ ಹೊಸ ಚೀಲ. ಬೈಗುಳ ಕೇಳಿ ಅವಳ ಕಿವಿ ಕೆಂಪಾಗಿತ್ತು.

"ಸಾರಿ ಅಂಕಲ್. ಇವರು ಎರಡೇ ತಟ್ಟಿದ್ರು. ಬಸ್ಸು ಹೊರಡ್ಲಿಲ್ಲ. ಮರೆತುಹೋಗಿದ್ದಾರೇನೋ ಅಂತ..."

"ಏನನ್ನ ಮರೆತಿದ್ದಾರೆ, ತಾಯಿ?"

"ಮೂರನೇದು." ಅವಳು ಎಲ್ಲರ ಮುಖ ನೋಡಿದಳು. "ಈ ಊರಲ್ಲಿ ಮೂರು ತಟ್ಟಿದ್ರೇ ಬಸ್ಸು ಹೊರಡೋದು ಅಂದ್ಕೊಂಡಿದ್ದೆ."

"ಹಾಗಂತ ಯಾರು ಹೇಳಿದ್ರು?"

ಹುಡುಗಿ ಚೀಲವನ್ನು ಅವುಚಿಕೊಂಡಳು. "ಯಾರೂ ಹೇಳಿಲ್ಲ. ಆವತ್ತು ನೋಡಿದ್ದು. ಓದೋಕೆ ಸೀಟು ಸಿಗುತ್ತಾ ಕೇಳೋಣ ಅಂತ ಮೊದಲ್ನೇ ಸಲ ಈ ಊರಿಗೆ ಬಂದಿದ್ದೆ. ಇಲ್ಲೇ ನಿಂತು, ಯೂನಿವರ್ಸಿಟಿಗೆ ಹೋಗುತ್ತಾ ಅಂತ ಆ ಕಂಡಕ್ಟರ್ ಅಂಕಲ್‌ನ ಕೇಳ್ದೆ. ಹೋಗುತ್ತೆ, ಆದ್ರೆ ಈ ಡ್ರೈವರ್ ಓಡ್ಸಿದ್ರೆ ಮುಂದಿನ ವರ್ಷ ತಲುಪ್ತೀಯ ಅಂದ್ರು. ನಾನು ನಗ್ತಿದ್ದೆ. ಆಮೇಲೆ..." ಅವಳು ತಡೆದಳು. ಮೇಷ್ಟ್ರು ಅವಳ ಪಕ್ಕದಲ್ಲಿ ಕುಳಿತರು. "ಕೊನೇಗೆ ನೂಕಿದ್ದು ನನ್ನನ್ನೇ. ನಾನು ಈ ಥರಾನೇ ಹಿಂಬಾಗಿಲ ಪಕ್ಕ ಬಿದ್ದೆ. ಅವರು ಹೊರಗೇ ಇದ್ರು. ಅಂಗೈಲಿ ಜೋರಾಗಿ ಎರಡು ತಟ್ಟಿದ್ರು. ನೀವು ಹೊರಟ್ರಿ. ಬಸ್ಸು ಹೋಗ್ತಾ ಇದ್ರೂ ಜೊತೇಲೇ ಓಡಿ ಬಂದು ಇನ್ನೊಂದು ತಟ್ಟಿದ್ರು. ಹತ್ತೋಕೆ ಅಂದ್ಕೊಂಡು ನಾನು ಕೈ ಚಾಚಿದೆ. ಅವರು ಕೈ ಹಿಡೀಲಿಲ್ಲ. ತಟ್ಟಿ, ಕೆಳಗೆ ಉಳಿದವರ ಜೊತೆ ಅಲ್ಲೇ ನಿಂತ್ಕೊಂಡ್ರು."

"ಹೊರಟ ಮೇಲೆ?"

"ಹ್ಞೂಂ. ಹೊರಟ ಮೇಲೆ. ಇನ್ನು ಯಾಕೆ ತಟ್ತಾರೆ ಅಂತ ಗೊತ್ತಾಗ್ಲಿಲ್ಲ, ಇಲ್ಲಿ ರೂಢೀನೇ ಮೂರೇನೋ ಅಂದ್ಕೊಂಡೆ. ಪೊಲೀಸ್ನೋರು ಆ ಬಂದೂಕಿನವನು ಏನು ಹಾಕ್ಕೊಂಡಿದ್ದ ಅಂತ ಕೇಳಿದ್ರು. ಕೇಳುವ ಕೋಣೆ ಮೇಡಂಗೆ ನನಗೆ ಬೀಳೋ ಕನಸೆಲ್ಲ ಹೇಳ್ದೆ. ತಟ್ಟಿದ್ದನ್ನ ಯಾರೂ ಕೇಳ್ಲಿಲ್ಲ."

ಈ ಸಲದ ಮೌನಕ್ಕೆ ಯಾರೂ ತಲೆ ತಗ್ಗಿಸಲಿಲ್ಲ. ಎಲ್ಲರೂ ನಿಧಾನಣ್ಣನನ್ನೇ ನೋಡುತ್ತಿದ್ದರು. ಅವನು ತಗಡಿನ ಮೇಲೆ ಅಂಗೈ ಇಟ್ಟು ನಿಂತಿದ್ದ. ಅದು ಆ ಬಸ್ಸಲ್ಲ, ಕಲ್ಲು ಹೊರುವ ಬಸ್ಸು ಎಂಬುದು ಅವನಿಗೆ ಗೊತ್ತಿತ್ತು. ಆದರೂ ಕೈ ತೆಗೆಯಲು ಆಗಲಿಲ್ಲ.

ಹಾಗಾದರೆ ಮೊದಲ ಎರಡೂ ಮುಂದ್ಮುಂದೆಯವೇ. ತಾನು ಮೂರನೆಯದಕ್ಕೆ ಕಾಯಲಿಲ್ಲ ಎನ್ನುವುದೂ ನಿಜ. ಓಡುವ ಬಸ್ಸನ್ನು ಹತ್ತಬಹುದಾಗಿದ್ದವನು, ಟೀ ಗ್ಲಾಸು ಹಿಡಿದೂ ಹತ್ತಿದ್ದವನು, ಅಂದು ಹತ್ತಲಿಲ್ಲ. ಹತ್ತಬೇಕಾದವರು ಇನ್ನೂ ಕೆಳಗಿದ್ದರು. ಮೂರನೆಯದು ಬೀಳದಿದ್ದರೆ ಈ ಪುಣ್ಯಾತ್ಮ ಎಲ್ಲಿ ಬ್ರೇಕು ಹಾಕಿಬಿಡುತ್ತಾನೋ ಎಂದು ಬೆನ್ನಟ್ಟಿ ಬಂದು, ಕೊಟ್ಟು, ನಿಂತ. ಆ ಗದ್ದಲದಲ್ಲಿ ಅದು ಮುಂದಕ್ಕೆ ಕೇಳಿಸಲೇ ಇಲ್ಲ.

"ಅಂಕಲ್, ನಾನು ತಪ್ಪು ಮಾಡಿದ್ನಾ?" ಹುಡುಗಿ ಅಳುವಂತಾದಳು.

"ಇಲ್ಲ ಮಗಳೇ. ನೀನು ಸರಿಯಾಗೇ ತಟ್ಟಿದೆ. ಸ್ವಲ್ಪ ತಡ ಮಾಡಿದೆ. ಅವನೂ ಹಾಗೇನೇ ಮಾಡ್ತಿದ್ದ."

ಅವನು ಹೋಗಿ ಎಂಜಿನ್ನು ಶುರುಮಾಡಿದ. ಗ್ರಂಥಾಲಯದ ಮುಂದೆ ಬಸ್ಸು ನಿಂತಾಗ ಮೇಷ್ಟ್ರು ಬಂದು, "ನಿಧಾನಣ್ಣ, ನಾವು ಮೌನ ಅಂದ್ಕೊಂಡಿದ್ವಲ್ಲ, ಅದು..." ಎಂದು ಅರ್ಧಕ್ಕೆ ನಿಲ್ಲಿಸಿದರು.

"ಅದೂ ಇರ್ಲಿ ಬಿಡಿ ಸಾರ್. ಜನಕ್ಕೆ ಬೇಕಾಗಿತ್ತೇನೋ."

"ಇವತ್ತಿನ ಉಳಿದ ಸರದಿಗೆ ನಮ್ಮ ಡ್ರೈವರನ್ನ ಕೇಳಿ ನೋಡ್ತೀನಿ. ನೀವು ಎಲ್ಲಿಗೋ ಹೋಗಬೇಕು ಅನ್ಸುತ್ತೆ."

*

ಅತ್ತಿಗೆಯ ಮನೆ ಬಾಗಿಲು ತೆರೆದೇ ಇತ್ತು. ಅವಳು ಅಡುಗೆಮನೆಯ ನೆಲದ ಮೇಲೆ ಕೂತು ಪಾತ್ರೆ ಉಜ್ಜುತ್ತಿದ್ದಳು. ಒಬ್ಬಳು ಉಂಡ ಪಾತ್ರೆ ಎಷ್ಟಿರುತ್ತದೆ? ಉಜ್ಜಿದ್ದನ್ನೇ ಮತ್ತೆ ಉಜ್ಜುತ್ತಿದ್ದಳು.

"ಬಂದ್ಯಾ?" ತಿರುಗಿ ನೋಡದೆ ಕೇಳಿದಳು. "ಇಲ್ಲಿಂದ ಇಲ್ಲಿಗೆ ಬರೋಕೆ ಇಷ್ಟು ದಿನ ಹಿಡೀತು. ಅವರು ಸುಮ್ನೆ ನಿನಗೆ ಆ ಹೆಸರು ಹೇಳ್ತಿರ್ಲಿಲ್ಲ."

ಅವನು ಹೊಸ್ತಿಲಲ್ಲೇ ಕುಳಿತ. ಟೀ ಗ್ಲಾಸಿನ ಕಥೆಯಿಂದ ಶುರುಮಾಡಿದ. ಮೂರನೆಯದು ಯಾಕೆ ಬಂತು, ಯಾರದು, ಎಲ್ಲ ಹೇಳಿದ. ತಾನು ಎರಡಕ್ಕೇ ಹೊರಟದ್ದನ್ನು ಹೇಳಿದ. ಹುಡುಗಿಯ ಮಾತನ್ನು, ಒಂದು ಅಕ್ಷರ ಸೇರಿಸದೆ ಬಿಡದೆ, ಹೇಳಿದ. ಪಾತ್ರೆಯ ಸದ್ದು ಯಾವಾಗಲೋ ನಿಂತಿತ್ತು.

"ನೀನು ಕಾಯ್ಲಿಲ್ಲ," ಎಂದಳು ಅತ್ತಿಗೆ.

"ಇಲ್ಲ ಅತ್ತಿಗೆ."

ಅವಳು ಕೈಯಲ್ಲಿದ್ದ ಪಾತ್ರೆಯನ್ನು ನೀರಿಗೆ ಬಿಟ್ಟಳು.

"ಕಾದಿದ್ರೆ ಅವರು ಹತ್ಕೋತಿದ್ರಾ?"

ಇಷ್ಟು ದಿನ ರಾತ್ರಿ ಹಗಲು ಅವನು ತನ್ನನ್ನು ಕೇಳಿಕೊಂಡ ಪ್ರಶ್ನೆ ಅದೇ. "ಗೊತ್ತಿಲ್ಲ. ಇನ್ನೂ ನಾಲ್ಕು ಜನರನ್ನ ಒಳಗೆ ನೂಕ್ತಿದ್ದ ಅನ್ಸುತ್ತೆ."

"ಹತ್ಕೋತಿರ್ಲಿಲ್ಲ." ಅವಳ ದನಿ ಒಡೆದಿತ್ತು, ಆದರೂ ಅದರಲ್ಲಿ ಹಳೆಯ ಜಗಳಗಂಟಿತನ ಸ್ವಲ್ಪ ಉಳಿದಿತ್ತು. "ಮದುವೆ ಮನೇಲೂ ಊರವರನ್ನೆಲ್ಲ ಮುಂದೆ ಮುಂದೆ ಅಂತ ಊಟಕ್ಕೆ ಕಳಿಸಿ ತಾನು ಉಪವಾಸ ಬರ್ತಿದ್ರು. ಕೊನೇಲಿ ಏನಾದ್ರೂ ಹೇಳಿದ್ರಾ ಅಂತ ಕೇಳಿದ್ನಲ್ಲ. ಹೇಳಿದ್ದಾರೆ ಹಾಗಾದ್ರೆ. ನನಗಲ್ಲ, ನಿನಗೆ."

ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಅವನೂ ಹೊಸ್ತಿಲಲ್ಲಿ ಕೂತು ಅತ್ತ. ಬೀದಿಯಲ್ಲಿ ತರಕಾರಿಯವನು ಕೂಗುತ್ತಾ ಬಂದವನು ಆ ಮನೆಯ ಮುಂದೆ ದನಿ ತಗ್ಗಿಸಿ ದಾಟಿಹೋದ.

"ಆ ಹುಡುಗಿನ ಕರ್ಕೊಂಡು ಬಾ ಒಂದಿನ," ಎಂದಳು ಅತ್ತಿಗೆ ಕೊನೆಗೆ. "ಹಾಸ್ಟೆಲ್ ಊಟ ತಿಂದು ಸೊರಗಿರ್ತಾಳೆ. ಕೈ ಚಾಚಿದ್ಳು ಅಂದ್ಯಲ್ಲ. ನೋಡ್ಬೇಕು ಅವಳನ್ನ."

"ಕರ್ಕೊಂಡು ಬರ್ತೀನಿ."

"ಈಗ ಮನೆಗೆ ಹೋಗು. ಇಷ್ಟೊತ್ತು ಎಲ್ಲಿ ಹೋದ್ರು ಅಂತ ನಿನ್ನ ಹೆಂಡ್ತಿ ಕಾಯ್ತಿರ್ತಾಳೆ."

ಅವನು ಎದ್ದು ಚಪ್ಪಲಿ ಮೆಟ್ಟಿಕೊಂಡ. ಅಂಗಳದಲ್ಲಿ ನಿಂತ. ಹೊರಡಲಿಲ್ಲ. ಒಳಗೆ ಪಾತ್ರೆಯ ಸದ್ದು ಮತ್ತೆ ಶುರುವಾಗಿ, ಸ್ವಲ್ಪ ಹೊತ್ತಿಗೆ ನಿಂತಿತು. ಅತ್ತಿಗೆ ಕತ್ತು ಚಾಚಿ ನೋಡಿದಳು.

"ಇನ್ನೂ ಇಲ್ಲೇ ನಿಂತಿದ್ದೀಯಲ್ಲೋ. ಏನು, ಇಲ್ಲೂ ಯಾರಾದ್ರೂ ತಟ್ಟಬೇಕಾ?"

"ಬೇಡ ಅತ್ತಿಗೆ," ಎಂದ ನಿಧಾನಣ್ಣ.

ಆದರೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದ.